ಒಂಬತ್ತು ಗಂಟೆ ಎರಡು ನಿಮಿಷದ ಕರೆ

ದಿನಾಂಕ 15 ಜುಲೈ 2024, ಸೋಮವಾರ. ಬೆಳಿಗ್ಗೆ 9.40ಕ್ಕೆ ಆಕ್ಲೆಂಡ್ ನಗರ ಠಾಣೆಗೆ ಫೆರಿ ಕಂಪನಿಯ ಮ್ಯಾನೇಜರ್ ದೂರು ತಂದ. ಗ್ರೇಟ್ ಬ್ಯಾರಿಯರ್ ದ್ವೀಪಕ್ಕೆ 9.15ಕ್ಕೆ ಹೊರಡಬೇಕಿದ್ದ 'ಸಿಲ್ವರ್ ಗ್ಯಾನೆಟ್' ಹಡಗಿನಲ್ಲಿ ಬಾಂಬ್ ಇದೆಯೆಂದು 9.02ಕ್ಕೆ ಕರೆ ಬಂದಿತ್ತು. ಎರಡು ತಿಂಗಳಲ್ಲಿ ಇದು ನಾಲ್ಕನೆಯದು. ಬಾಂಬೂ ಇಲ್ಲ, ಮಣ್ಣೂ ಇಲ್ಲ. ಆದರೆ ಈ ಸಲ ಜನರೆಲ್ಲ ಹತ್ತಿ ಕೂತಾಗಿತ್ತು. ನೂರೆಂಬತ್ತು ಮಂದಿಯನ್ನು ಇಳಿಸುವ ಗಡಿಬಿಡಿಯಲ್ಲಿ ಎಪ್ಪತ್ತೊಂದು ವರ್ಷದ ಅಜ್ಜಿಯೊಬ್ಬಳು ಒದ್ದೆ ಇಳಿಜಾರಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು.

ಪ್ರಕರಣ ಡಿಟೆಕ್ಟಿವ್ ಸಾರ್ಜೆಂಟ್ ಸ್ಮೃತಿಯ ಕೈಗೆ ಬಂತು. ಹುಬ್ಬಳ್ಳಿಯವಳು, ಹದಿನಾಲ್ಕು ವರ್ಷದ ಹಿಂದೆ ಆಕ್ಲೆಂಡಿನ ಮನುಕಾವ್‌ಗೆ ಓದಲು ಬಂದು ಪೊಲೀಸ್ ಸೇರಿದವಳು. ಕೋಪ ಮೂಗಿನ ತುದಿಯಲ್ಲೇ. ಆಸ್ಪತ್ರೆಗೆ ಹೋಗಿ ಆ ಅಜ್ಜಿಯ ಹೇಳಿಕೆ ಬರೆದುಕೊಂಡು ಬಂದ ಮೇಲಂತೂ ಮೈಯೆಲ್ಲ ಉರಿಯುತ್ತಿತ್ತು. ಇಂಥ ಕಿಡಿಗೇಡಿಯನ್ನು ವಾರದೊಳಗೆ ಎಳೆದು ತರದಿದ್ದರೆ ಈ ಕೆಲಸ ಯಾಕೆ ಬೇಕು ಎಂದು ಕಾನ್‌ಸ್ಟೇಬಲ್ ಸಿಯೋನೆಗೆ ಹೇಳಿದಳು. ಸಿಯೋನೆ ಸಮೋವಾ ಮೂಲದವನು, ಆರೂವರೆ ಅಡಿ ಆಳು, ಮಾತು ಕಡಿಮೆ.

ಮಂಗಳವಾರ ಸಿಯೋನೆ ಎರಡು ಸಂಗತಿ ಹೊರತೆಗೆದ. ನಾಲ್ಕೂ ಕರೆ ಒಂದೇ ಪ್ರೀಪೇಯ್ಡ್ ಸಿಮ್‌ನವು, ಅದು ಮಾರಾಟವಾದದ್ದು ಬಾಟನಿ ಡೌನ್ಸ್ ಬಡಾವಣೆಯ ಒಂದು ಡೇರಿಯಲ್ಲಿ. ಇಲ್ಲಿಯವರು ಮೂಲೆ ಅಂಗಡಿಗೆ ಡೇರಿ ಎನ್ನುತ್ತಾರೆ. ಕೊಂಡವನ ಮುಖ ಯಾರಿಗೂ ನೆನಪಿರಲಿಲ್ಲ. ಎರಡನೆಯದಾಗಿ, ಸಿಯೋನೆ ಕರೆಗಳ ವೇಳೆಯನ್ನು ಬೋರ್ಡಿನ ಮೇಲೆ ಬರೆದ. 31 ಮೇ, ಶುಕ್ರವಾರ, 7.50. 20 ಜೂನ್, ಗುರುವಾರ, 7.52. 2 ಜುಲೈ, ಮಂಗಳವಾರ, ಸಂಜೆ 4.32. 15 ಜುಲೈ, ಸೋಮವಾರ, 9.02. ಹಡಗು ಹೊರಡುತ್ತದೋ ಇಲ್ಲವೋ ಎಂದು ಕಂಪನಿ ಪ್ರಕಟಿಸುವುದು ಬೆಳಿಗ್ಗೆ 7.45ಕ್ಕೆ, ಸಂಜೆ ಐದೂವರೆಯ ಹಡಗಿಗಾದರೆ 3.15ಕ್ಕೆ. ಎರಡು ಸಲ ಪ್ರಕಟಣೆಯಾದ ಹತ್ತು ನಿಮಿಷದೊಳಗೇ ಕರೆ ಮಾಡಿದವನು ಇನ್ನೆರಡು ಸಲ ಗಂಟೆಗೂ ಹೆಚ್ಚು ಯಾಕೆ ಕಾದ ಎಂದು ಸಿಯೋನೆ ಕೇಳಿದ.

ಸ್ಮೃತಿ ಬೋರ್ಡನ್ನೇ ನೋಡುತ್ತ ನಿಂತಳು. ತನ್ನ ಮನೆಯ ಅಡುಗೆಕೋಣೆಯಲ್ಲಿ ಅವ್ವ ಕಳಿಸಿದ ಕ್ಯಾಲೆಂಡರ್ ನೆನಪಾಯಿತು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಗುರುವಾರ, ಶುಕ್ರವಾರ ಬೆಳಿಗ್ಗೆ ಎಂಟರ ಸುಮಾರಿಗೆ ರಾಹುವಿನ ಕಾಟವಿಲ್ಲ. ಬೆಂಗಳೂರಿನಲ್ಲಿ ಅಚ್ಚಾದ ವೇಳೆಯನ್ನು ಭೂಮಿಯ ಈ ತುದಿಯಲ್ಲಿ ಹಾಗೇ ಪಾಲಿಸುವ ಪುಣ್ಯಾತ್ಮ ನಮ್ಮವನಲ್ಲದೆ ಇನ್ಯಾರು? ನಗು ಬರಬೇಕಿತ್ತು. ಬರಲಿಲ್ಲ, ಕೋಪ ಇಮ್ಮಡಿಯಾಯಿತು.

ಸಿಯೋನೆ ಆ ಎರಡು ತಿಂಗಳ ಸಮುದ್ರದ ವರದಿ ತರಿಸಿದ. ಕರೆ ಬಂದ ನಾಲ್ಕೂ ದಿನ ಅಲೆ ಎರಡೂವರೆ ಮೀಟರಿಗಿಂತ ಎತ್ತರ, ಮೂರೂವರೆಗಿಂತ ಕಡಿಮೆ. ಮೂರೂವರೆ ದಾಟಿದರೆ ಕಂಪನಿಯೇ ಹಡಗು ನಿಲ್ಲಿಸುತ್ತಿತ್ತು. ಎರಡೂವರೆಯೊಳಗಿದ್ದ ದಿನ ಒಂದು ಕರೆಯೂ ಬಂದಿರಲಿಲ್ಲ. ಕರೆ ಮಾಡುವವನಿಗೆ ಹಡಗಿನ ಮೇಲೆ ದ್ವೇಷವಿಲ್ಲ, ಆ ಒಂದು ಮೀಟರಿನ ಭಯವಿದೆ ಎಂದು ಅವಳಿಗೆ ಹೊಳೆಯಿತು.

ಬುಧವಾರ ಬೆಳಿಗ್ಗೆ 10ಕ್ಕೆ ಕಂಪನಿಯ ಕಚೇರಿ. ಎರಡೂವರೆ ಮೀಟರ್ ಅನ್ನುವ ಲೆಕ್ಕ ಎಲ್ಲಾದರೂ ಇದೆಯೇ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಕಣ್ಣು ಮಿಟುಕಿಸದೆ ಇಲ್ಲವೆಂದ. ಹಡಗಿನ ಸೇವಾ ಇತಿಹಾಸದ ಕಡತ ತೋರಿಸಲು ಹಿಂದೆಮುಂದೆ ನೋಡಿದ, ಕೊನೆಗೆ ಕೊಟ್ಟ. ಎರಡು ಒಡಲಿನ ಅಲ್ಯೂಮಿನಿಯಂ ಕಟಮರಾನ್, 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಕಟ್ಟಿದ್ದು. ಎಂಬತ್ತು ಕಾರು ಹೊತ್ತು ಬಸ್ಸಿನ ವೇಗದಲ್ಲಿ ಓಡುತ್ತದೆ. ಡೆನ್ಮಾರ್ಕಿನಲ್ಲಿ ಹನ್ನೊಂದು ವರ್ಷ, ಗ್ರೀಸಿನಲ್ಲಿ ಹದಿಮೂರು, 2022ರಿಂದ ಇಲ್ಲಿ. ಗ್ರೀಸಿನ ಹದಿಮೂರು ವರ್ಷಕ್ಕೆ ಅರ್ಧ ಪುಟ. ಕೊನೆಯಲ್ಲಿ 'ಈ ಇತಿಹಾಸ ಸಂಪೂರ್ಣ ಮತ್ತು ಸತ್ಯ' ಎಂಬ ಒಕ್ಕಣೆ, ಕೆಳಗೆ ಸಹಿ: ಕೇಶವಮೂರ್ತಿ, ತಾಂತ್ರಿಕ ದಾಖಲೆಗಳು. ಸಿಬ್ಬಂದಿ ಪಟ್ಟಿಯಲ್ಲಿ ಆತನ ಮನೆ ವಿಳಾಸ ಬಾಟನಿ ಡೌನ್ಸ್.

ಗುರುವಾರ, 18ನೇ ತಾರೀಖು, ಮಧ್ಯಾಹ್ನ 3.20ಕ್ಕೆ ಸರ್ಚ್ ವಾರಂಟ್ ಹಿಡಿದು ಇಬ್ಬರೂ ಬಾಗಿಲು ತಟ್ಟಿದರು. ಕೇಶವಮೂರ್ತಿಗೆ ಐವತ್ತೇಳು ವರ್ಷ, ಮೈಸೂರಿನ ಎಂಜಿನಿಯರು. ಅವರು ಏನನ್ನೂ ಅಲ್ಲಗಳೆಯಲಿಲ್ಲ. ಹುಣಸೆಹಣ್ಣಿನ ಡಬ್ಬಿಯಿಂದ ಸಿಮ್ಮನ್ನೂ ಬೀರುವಿನಿಂದ ಒಂದು ಹಾಳೆಯನ್ನೂ ತಾವೇ ತಂದು ಮೇಜಿನ ಮೇಲಿಟ್ಟರು. ಊರಿನಲ್ಲಾಗಿದ್ದರೆ ಪಂಚರನ್ನು ಕರೆದು ಪಂಚನಾಮೆ ಮಾಡಬೇಕಿತ್ತು. ಇಲ್ಲಿ ಸಿಯೋನೆ ಫೋಟೊ ತೆಗೆದು, ಚೀಲಕ್ಕೆ ಹಾಕಿ, ವೇಳೆ ಬರೆದ.

ಆ ಹಾಳೆ ಗ್ರೀಸಿನದು, 2011ರದು. ಹಡಗಿನ ಎರಡು ಒಡಲು ಕೂಡುವ ಕಡೆ ಬೆಸುಗೆ ಬಿರುಕು ಬಿಟ್ಟಿತ್ತು, ರಿಪೇರಿಯಾಗಿತ್ತು, ಎರಡೂವರೆ ಮೀಟರಿಗಿಂತ ದೊಡ್ಡ ಅಲೆಯಲ್ಲಿ ಓಡಿಸಕೂಡದೆಂದು ಅಲ್ಲಿಯ ಹಡಗು ತಪಾಸಣೆಯ ಸರ್ವೇಯರ್ ಬರೆದಿದ್ದ. ಹಳೇ ದೇಶದ ಹಳೇ ನಿಯಮ, ಅದನ್ನು ಬಿಟ್ಟು ಟೈಪ್ ಮಾಡು ಎಂದು ಮ್ಯಾನೇಜರ್ ಹೇಳಿದ್ದನಂತೆ. ಇವರ ವೀಸಾ ಕಂಪನಿಯ ಕೈಯಲ್ಲಿತ್ತು. ಇವರು ಬಿಟ್ಟರು, ಸಹಿಯನ್ನೂ ಹಾಕಿದರು. ಕಳೆದ ಮೇ ತಿಂಗಳಲ್ಲಿ ಹಡಗಿನ ಕೆಳಗೆ ಹೋಗಿ ನೋಡಿದರೆ ಅದೇ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ಎರಡು ಸಲ ಮ್ಯಾನೇಜರ್‌ಗೆ ಬರೆದರು, ಉತ್ತರವಿಲ್ಲ.

ಸ್ಮೃತಿ ಹಲ್ಲು ಕಚ್ಚಿ ಕೇಳಿಸಿಕೊಂಡಳು. ನೂರೆಂಬತ್ತು ಜನರ ಜೀವದ ಮೇಲೆ ಕೂತು ಕಣ್ಣು ಮಿಟುಕಿಸದೆ ಇಲ್ಲವೆಂದಿದ್ದನಲ್ಲ ಆ ಮನುಷ್ಯ! ಆದರೆ ಎದುರಿಗಿದ್ದವರನ್ನು ಬಿಡಲೂ ಮನಸ್ಸಾಗಲಿಲ್ಲ.

"ಸೋಮವಾರ ಯಾಕ ಒಂಬತ್ತರ ತನಕಾ ಕಾದ್ರಿ?"

"ರಾಹುಕಾಲ ಇತ್ತಲ್ಲ ಮೇಡಂ. ಜನ ಉಳೀಲಿ ಅಂತ ಮಾಡೋ ಕೆಲಸ. ಕೆಟ್ಟ ಗಳಿಗೇಲಿ ಮಾಡಬಾರದು ಅನ್ನಿಸ್ತು."

"ಏಳೂ ಐವತ್ತಕ್ಕ ಮಾಡಿದ್ರ ಯಾರೂ ಹಡಗ ಹತ್ತಿರಲಿಲ್ಲರಿ. ಆ ಅಜ್ಜಿ ಸೊಂಟ ಮುರದದ್ದು ನೀವು ಕಾದ ವ್ಯಾಳ್ಯಾದಾಗ."

ಕೇಶವಮೂರ್ತಿ ಕುರ್ಚಿಯ ಅಂಚು ಹಿಡಿದುಕೊಂಡರು. ಅಜ್ಜಿಯ ಸುದ್ದಿ ಅವರಿಗೆ ಗೊತ್ತಿತ್ತು, ಈ ಲೆಕ್ಕ ಹೊಳೆದಿರಲಿಲ್ಲ.

ಹಡಗಿನ ಸುರಕ್ಷತೆ ನೋಡುವ ಸರ್ಕಾರಿ ಕಚೇರಿಗೇ ಯಾಕೆ ಹೇಳಲಿಲ್ಲ ಎಂದು ಸಿಯೋನೆ ಇಂಗ್ಲಿಷಿನಲ್ಲಿ ಕೇಳಿದ. ಹೆಸರು ಹೇಳಬೇಕಾಗುತ್ತಿತ್ತು, ಹೆಸರು ಹೇಳಿದರೆ ಸುಳ್ಳು ಸಹಿ ಬಯಲಾಗುತ್ತಿತ್ತು ಎಂದರು. 3.55ಕ್ಕೆ ಸ್ಮೃತಿ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದಳು. ಕಾರಿನಲ್ಲಿ ಅವರು ಬಾಯಿ ಬಿಟ್ಟದ್ದು ಒಂದೇ ಸಲ.

"ನಾಳೆ ಮೂರು ಮೀಟರ್ ಅಲೆ ಅಂತ ಹವಾಮಾನದಲ್ಲಿ ಇದೆ. ನಾನು ಒಳಗಿದ್ರೆ ಯಾರು ನಿಲ್ಲಿಸ್ತಾರಮ್ಮ?"

ಠಾಣೆಗೆ ಬಂದವಳೇ 4.40ಕ್ಕೆ ಸ್ಮೃತಿ ಆ ಸರ್ಕಾರಿ ಕಚೇರಿಗೆ ಫೋನ್ ಮಾಡಿದಳು. ಹೆಸರು, ಹುದ್ದೆ, ಠಾಣೆ ಹೇಳಿದಳು, ಗ್ರೀಸಿನ ಹಾಳೆ ಕಳಿಸಿದಳು. ಸೋಮವಾರ ನೋಡೋಣವೆಂದ ಅಧಿಕಾರಿಗೆ ಅವಳು ಹೇಳಿದ್ದನ್ನು ಕೇಳಿ ಸಿಯೋನೆ ಎದ್ದು ಬಾಗಿಲು ಹಾಕಿದ. ಆರೂವರೆಗೆ ಆ ಕಚೇರಿಯ ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಹಡಗಿನ ಕೆಳಗಿದ್ದ. ಬಿರುಕು ಈಗ ಗೇಣುದ್ದವಾಗಿತ್ತು. ಹಡಗು ಹೊರಡಕೂಡದೆಂದು ಆದೇಶವಾಯಿತು. ಮ್ಯಾನೇಜರ್‌ನ ಮೇಲೂ ಪ್ರಕರಣ ದಾಖಲಾಯಿತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸ್ಮೃತಿ ಲಾಕಪ್ಪಿಗೆ ಹೋಗಿ ಕೇಶವಮೂರ್ತಿಗೆ ಹಡಗು ನಿಂತಿತೆಂದು ತಿಳಿಸಿದಳು. ಹೇಗೆಂದು ಅವರು ಕೇಳಿದರು. ಫೋನ್ ಮಾಡಿದೆ ಎಂದಳು.

"ಒಂದೇ ಫೋನಾ?"

"ಒಂದ ರಿ. ಹೆಸರು ಹೇಳಿ."

ಅವರು ಮುಖ ಮುಚ್ಚಿಕೊಂಡು ಅತ್ತರು. ಸ್ಮೃತಿಯ ಸಿಟ್ಟು ಇಳಿದಿರಲಿಲ್ಲ, ಆದರೂ ಅವಳು ಹೊರಗೆ ಹೋಗದೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಆಮೇಲೆ ಮೇಲಕ್ಕೆ ಹೋಗಿ ವರದಿ ಮುಗಿಸಿದಳು. ಅಪರಾಧಕ್ಕೆ ಪ್ರೇರಣೆ ಎಂಬಲ್ಲಿ ಹೀಗೆ ಬರೆದಳು: ಆರೋಪಿಗೆ ಪ್ರಯಾಣಿಕರು ಸಾಯಬಾರದೆಂದಿತ್ತು, ತನ್ನ ಹೆಸರು ಹೊರಬರಬಾರದೆಂದೂ ಇತ್ತು.