ಮಡುವಿನ ಬೆಲೆ

ತನ್ನ ತೋಟದ ಹಳ್ಳದ ಕಟ್ಟೆ ಒಡೆಯುತ್ತಾರಂತೆ ಎಂಬ ಸುದ್ದಿಯನ್ನು ಹಾಲೇಶ್ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ. ಹಳ್ಳವನ್ನು ಮೊದಲಿನಂತೆ ಭದ್ರೆಯವರೆಗೆ ಹರಿಯಬಿಡುವ ಯೋಜನೆ. ಕಟ್ಟೆ ಹೋದರೆ ಹಿಂದಿನ ಮಡುವೂ ಹೋಗುತ್ತದೆ; ಮಡು ಹೋದರೆ ಬೇಸಗೆಯಲ್ಲಿ ಹೂ ಬಿಡಿಸಲು ಅವನ ಎಂಟು ಎಕರೆ ರೊಬಸ್ಟಾಕ್ಕೆ ನೀರಿಲ್ಲ. ಹೂವಿಲ್ಲದೆ ಕಾಫಿಯಿಲ್ಲ.

ಸರ್ವೆಗೆ ಬಂದವಳು ಜೀಪ್ ಮೆಕ್ಯಾನಿಕ್ ಜಾಹಿದನ ಮಗಳು ಯಾಸ್ಮಿನ್. ಬಂಡೆಯ ಮೇಲೆ ಕುಳಿತು ಮೀನು ಎಣಿಸುತ್ತಿದ್ದಳು.

"ಮೀನಿಗೂ ರೇಟ್ ಕಟ್ತೀಯೇನೆ ಮಾರಾಯ್ತಿ?"

"ಎಲ್ಲದಕ್ಕೂ ಕಟ್ಬೇಕಲ್ಲ ಹಾಲೇಶಣ್ಣ. ಒಡೆಯೋ ಖರ್ಚು, ನಿಮ್ಮ ನಷ್ಟ, ಊರಿನ ಲಾಭ. ಲಾಭ ಕಮ್ಮಿ ಬಂದ್ರೆ ನಿಮ್ ಕಟ್ಟೆ ಯಾರೂ ಮುಟ್ಟಲ್ಲ."

"ನನ್ ಮುಖ ನೋಡಿ ಒಂದು ಸೊನ್ನೆ ಅಳಿಸು."

"ಅಪ್ಪಂಗೆ ಹೇಳಿದ್ರೆ ನಿಮ್ ಜೀಪಿನ ಬ್ರೇಕ್ ತೆಗೀತಾರೆ," ಎಂದು ನಕ್ಕಳು.

ಬೆಲೆ ಕಟ್ಟುವುದು ಹೇಗೆಂದು ಹಾಲೇಶನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಪ್ಪತ್ತು ವರ್ಷ ಫಸಲನ್ನು ಗಿಡದ ಮೇಲೆಯೇ ಮಾರಿದವನು ಅವನು. ಕೊಳ್ಳುವವನು ಸಾಲುಗಳ ನಡುವೆ ನಡೆಯುತ್ತಾನೆ, ರೆಂಬೆ ಎತ್ತಿ ಕಾಯಿ ನೋಡುತ್ತಾನೆ. ಕಾಯಿಲ್ಲದ ತೋಟದಿಂದ ಮಾತಾಡದೆ ಹೊರಟುಬಿಡುತ್ತಾನೆ. ಮೀನಿಲ್ಲದ ಹಳ್ಳಕ್ಕೂ ಅಷ್ಟೇ.

ಗುರುತು ಸಿಗಬಾರದೆಂದು ಹಾಲೇಶ್ ಅಂಗಡಿಯಲ್ಲಿ ಏನನ್ನೂ ಕೊಳ್ಳಲಿಲ್ಲ. ಹಿಂದಿನವರು ಮೀನಿಗೆ ವಿಷವಾಗಿ ಜಜ್ಜಿ ಹಾಕುತ್ತಿದ್ದ ಕಾರೆಕಾಯಿಯನ್ನು ಕೊಟ್ಟಿಗೆಹಾರದ ಕಡೆಯ ಬೇಲಿಗಳಿಂದ ಸ್ವಲ್ಪ ಸ್ವಲ್ಪವೇ ಕೂಡಿಹಾಕಿದ. ಹಳ್ಳ ನೂಲಿನಷ್ಟು ಸಣ್ಣಗಾಗುವವರೆಗೆ ಕಾದ. ಆಳುಗಳು ಸಂತೆಗೆ ಹೋದ ಮಧ್ಯಾಹ್ನ ದಡದಲ್ಲೇ ಜಜ್ಜಿದ; ಜಜ್ಜಿದ ಕಲ್ಲನ್ನೂ ಮಡುವಿಗೇ ಉರುಳಿಸಿದ.

ಒಂದು ಮಾತ್ರ ಅವನ ಲೆಕ್ಕದಲ್ಲಿರಲಿಲ್ಲ. ಕೆಲಸದ ನಂಜಮ್ಮ ದಿನವೂ ಅದೇ ಹೊತ್ತಿಗೆ ಬುತ್ತಿಯ ಕೊನೆಯ ತುತ್ತನ್ನು ಮಡುವಿನ ಮೀನಿಗೆ ಎಸೆಯುತ್ತಿದ್ದಳು. ಅವನ ನೆರಳು ನೀರಿಗೆ ಬಿದ್ದದ್ದೇ ಮೀನುಗಳೆಲ್ಲ ಬಾಯಿ ತೆರೆದು ಅವನ ಕಾಲ ಬಳಿ ಬಂದು ನಿಂತವು. ಅವನು ಹಾಕಿದ್ದನ್ನು ನಂಬಿ ತಿಂದವು.

ಆಮೇಲೂ ನಂಜಮ್ಮ ಮೀನು ಸತ್ತು ಬರಿದಾದ ಮಡುವಿಗೆ ಅನ್ನ ಎಸೆಯುವುದನ್ನು ಬಿಡಲಿಲ್ಲ. ಅಗುಳು ನಿಧಾನಕ್ಕೆ ತಳಕ್ಕಿಳಿದು ಬೆಳ್ಳಗೆ ಕೂರುತ್ತಿತ್ತು.

"ಯಾಕೆ ಹಾಳ್ ಮಾಡ್ತೀಯ?"

"ಕೈ ಕೇಳಲ್ಲ ಅಯ್ಯ."

ಅಂದಿನಿಂದ ತಟ್ಟೆಯ ಮುಂದೆ ಕೂತಾಗಲೆಲ್ಲ ಅವನಿಗೆ ನೀರಿನ ಮೇಲೆ ಬಾಯಿಗಳು ಚಪ್ಪರಿಸುವ ಸದ್ದು ಕೇಳುತ್ತಿತ್ತು. ಎರಡು ತುತ್ತಿಗೆ ಏಳುತ್ತಿದ್ದ.

ಮೇ ತಿಂಗಳ ಸಭೆಗೆ ಪಂಚಾಯ್ತಿ ಕಚೇರಿ ತುಂಬಿತ್ತು. ಮೀನು ಯಾಕೆ ಸತ್ತವೆಂದು ಯಾಸ್ಮಿನ್ ಕೇಳಿದಾಗ ಹಾಲೇಶನೇ ಎದ್ದು ನಿಂತ. "ನಿಂತ ನೀರಲ್ವೇನಮ್ಮ, ಬಿಸಿಲಿಗೆ ಕಾದಿರತ್ತೆ. ಇನ್ನು ಅಲ್ಲಿ ಲಾಭ ಏನುಂಟು? ಬಿಟ್ಬಿಡಿ."

ಯಾಸ್ಮಿನ್ ಅದನ್ನು ಬರೆದುಕೊಂಡಳು. "ನಾನು ಎಣಿಸಿದಾಗ ಮೀನು ತುಂಬಾ ಇದ್ವು ಹಾಲೇಶಣ್ಣ. ಇದ್ದದ್ದನ್ನ ಲಾಭ ಅಂತ ಹಿಡಿಯೋಕಾಗಲ್ಲ. ಒಡೆದ ಮೇಲೆ ಹೊಸದಾಗಿ ಎಷ್ಟು ಬರತ್ತೋ ಅಷ್ಟೇ ಲೆಕ್ಕ. ಖರ್ಚೇ ಜಾಸ್ತಿ ಬಂದಿತ್ತು, ಕಟ್ಟೆ ಇರಲಿ ಅಂತಲೇ ಬರೆದಿದ್ದೆ. ಈಗ ಒಂದೂ ಇಲ್ಲ. ನೀರು ಹರಿದು ಮೀನು ವಾಪಸ್ ಬಂದ್ರೆ ಅಷ್ಟೂ ಲಾಭವೇ, ಕಟ್ಟೆ ಒಡೀಲೇಬೇಕಾಗತ್ತೆ. ನೀರು ನಿಂತಿದ್ದಕ್ಕೆ, ಅಂದ್ರೆ ಕಟ್ಟೆಯಿಂದಲೇ ಸತ್ತವು ಅಂತ ನೀವೇ ಹೇಳಿದ್ರಿ. ಬೇರೆ ಕಾರಣ ಇದ್ರೆ ಈಗಲೇ ಹೇಳಿ, ಹಳೇ ಲೆಕ್ಕವೇ ಉಳಿಯತ್ತೆ." ಪೆನ್ನು ಹಿಡಿದು ಕಾದಳು. ಸಭೆಯೆಲ್ಲ ಅವನತ್ತ ತಿರುಗಿತು. ಹಾಲೇಶ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.