ಈಜು ಮೇಷ್ಟ್ರ ಗೊಂಬೆ

ಅವಳು ಅವನೊಂದಿಗೆ ಆಡಿದ ಮೊದಲ ಮಾತೇ, "ರೀ, ನಿಮಗೆ ಸ್ವಲ್ಪನಾದ್ರೂ ಕರುಣೆ ಇದೆಯಾ?" ಎಂಬುದು.

ಆಗ ಅವನ ಎಡಗೈಯಲ್ಲಿ ಒಬ್ಬ ವೀರನ ತಲೆ ಇತ್ತು, ಬಲಗೈಯಲ್ಲಿ ಮುಂಡ.

ರೈಲ್ವೆ ಸೇತುವೆಯ ಕೆಳಗೆ ಭಾನುವಾರದ ಹಳೆ ಸಾಮಾನಿನ ಸಂತೆ. ರೆಕ್ಕೆ ಮುರಿದ ಫ್ಯಾನು, ಕುಂಟು ಕುರ್ಚಿ, ಹಿಡಿಯಿಲ್ಲದ ಸೂಟ್‌ಕೇಸುಗಳ ನಡುವೆ ಒಬ್ಬ ಮುದುಕ ರಟ್ಟಿನ ಡಬ್ಬದ ತುಂಬ ಹಳೆಯ ಗೊಂಬೆಗಳನ್ನು, ಕೈಕಾಲು ಮಡಚಬಹುದಾದ ಆಕ್ಷನ್ ಫಿಗರ್‌ಗಳನ್ನು ಇಟ್ಟುಕೊಂಡು ಕೂತಿರುತ್ತಿದ್ದ. ಈಗ ಆ ಸಂತೆ ಇಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಆದರೂ ಯಾವಾಗಲಾದರೂ ಆ ಕಡೆ ಹಾದುಹೋಗುವಾಗ ಅವನಿಗೆ ಆ ಸಿಟ್ಟಿನ ದನಿ ಇನ್ನೂ ಅಲ್ಲೇ ಎಲ್ಲೋ ಸುತ್ತುತ್ತಿದೆ ಅನ್ನಿಸುತ್ತದೆ.

"ಗಾಬರಿಯಾಗ್ಬೇಡಿ, ಇವನಿಗೇನೂ ನೋವಾಗಲ್ಲ," ಎಂದ ಅವನು.

"ಇವನಿಗಲ್ಲ, ನನಗೆ! ಆ ಗೊಂಬೆ ನೋಡ್ಕೊಂಡೇ ಆ ತುದಿಯಿಂದ ಬರ್ತಿದ್ದೆ. ಅಷ್ಟರಲ್ಲಿ ನೀವು ಟಕ್ ಅಂತ..."

"ತಲೆ ವಾಪಸ್ ಹಾಕಬಹುದು. ನೋಡಿ."

"ತಲೆ ಯಾರಿಗೆ ಬೇಕು? ನನಗೆ ಮುಂಡ ಸಾಕು."

ಅವನು ಅವಳನ್ನು ಒಮ್ಮೆ ಸರಿಯಾಗಿ ನೋಡಿದ. ಹಣೆಯ ಮೇಲೆ ಬೆವರು, ಭುಜದಿಂದ ಜಾರುತ್ತಿದ್ದ ಬಟ್ಟೆಯ ಚೀಲ, ಕೋಪ ಬಂದರೂ ನಗು ಬಚ್ಚಿಡಲು ಬಾರದ ತುಟಿ.

"ಹಾಗಾದ್ರೆ ತಲೆ ಕಿತ್ತಿದ್ದಕ್ಕೆ ಬೈದಿದ್ದು ಯಾಕೆ?"

"ಮುಂಡ ನಿಮ್ಮ ಕೈಯಲ್ಲಿತ್ತಲ್ಲ!"

ಮುದುಕ ನಕ್ಕುಬಿಟ್ಟ. ಅವಳೂ ನಕ್ಕಳು. ಅವನು ಮುಂಡವನ್ನು ಅವಳ ಅಂಗೈಗೆ ಇಟ್ಟ. ಅಗಲ ಭುಜ, ಗಿಡ್ಡ ಕತ್ತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಭುಜ ಸರಿಯಾಗಿದೆ. ಹೊಟ್ಟೆ ಮಾತ್ರ ಬರಬೇಕು," ಎಂದು ತನಗೆ ತಾನೇ ಹೇಳಿಕೊಂಡಳು.

"ಸೂಪರ್‌ಹೀರೋಗೆ ಹೊಟ್ಟೆನಾ?"

"ಸೂಪರ್‌ಹೀರೋ ಅಲ್ಲ ರೀ. ನಮ್ಮಪ್ಪ."

ಅವಳ ಅಪ್ಪ ಈಜು ಮೇಷ್ಟ್ರು. ಊರಿನ ಅರ್ಧ ಮಕ್ಕಳನ್ನು ನೀರಿಗೆ ತಳ್ಳಿ ಮೇಲೆತ್ತಿದವರು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ಟೆಕ್ನೀಷಿಯನ್. ಮೇಣದಲ್ಲಿ ಅಪ್ಪನ ಮುಖ ಕೆತ್ತುವುದು ಅವಳಿಗೆ ಕಷ್ಟವಾಗಿರಲಿಲ್ಲ. ಆದರೆ ಕೈಕಾಲು ಮಡಚುವ ಮೈ ಮಾಡಲು ಬಂದಿರಲಿಲ್ಲ.

"ಅಮ್ಮನಿಗೆ ಕೊಡೋಕೆ," ಎಂದಳು. "ಫೋಟೋ ಬೇಡ್ವಂತೆ. ಕೈಗೆ ಸಿಗೋ ಥರ ಬೇಕಂತೆ."

ಅವನು ವಾರವೆಲ್ಲ ಬೋರ್ಡು ಬರೆಯುವ ಅಂಗಡಿಯಲ್ಲಿ ದುಡಿದು, ಬಿಡುವಿನಲ್ಲಿ ಗೊಂಬೆಗಳನ್ನು ಬಿಚ್ಚಿ ಜೋಡಿಸುವವನು. ಸೈನಿಕನ ಕಾಲು, ರೇಸ್ ಡ್ರೈವರನ ಕೈ, ಗಗನಯಾತ್ರಿಯ ಎದೆ ಸೇರಿಸಿ, ಸಂದಿಗೆ ಎಪಾಕ್ಸಿ ಎಂಬ ಅಂಟುಹಿಟ್ಟು ತುಂಬಿ, ಉಜ್ಜಿ, ಬಣ್ಣ ಬಳಿದು, ಯಾವ ಅಂಗಡಿಯಲ್ಲೂ ಸಿಗದ ಹೊಸ ಮನುಷ್ಯನನ್ನು ಮಾಡುತ್ತಿದ್ದ. ಗೆಳೆಯರು ಅವನನ್ನು ಸರ್ಜನ್ ಎನ್ನುತ್ತಿದ್ದರು.

"ಮುಖ ನಿಮ್ಮದು, ಮೈ ನಂದು," ಎಂದ ಸರ್ಜನ್. "ಮುಂದಿನ ಭಾನುವಾರ ಬನ್ನಿ."

ಅವನ ಕೋಣೆ ಅವನ ಅಕ್ಕನ ಬ್ಯೂಟಿ ಪಾರ್ಲರಿನ ಮೇಲೆ. ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಮೆತ್ತಗಾಗಿಸಲು ಅವನು ಬಳಸುತ್ತಿದ್ದದ್ದು ಅಕ್ಕನದೇ ಹೇರ್ ಡ್ರೈಯರ್. ಗಿರಾಕಿಯ ಒದ್ದೆ ಕೂದಲು ಕೆಳಗೆ ಕಾಯುತ್ತಿದ್ದರೆ ಡ್ರೈಯರ್ ಮೇಲಿನ ಕೋಣೆಯಲ್ಲಿ ಯಾವನೋ ವೀರನ ಮೊಣಕೈ ಬಿಸಿ ಮಾಡುತ್ತಿರುತ್ತಿತ್ತು.

"ಲೋ ಸರ್ಜನ್! ಆಪರೇಷನ್ ಆಮೇಲೆ ಮಾಡು, ಡ್ರೈಯರ್ ಕೊಡು!" ಎಂದು ಅಕ್ಕ ಮೆಟ್ಟಿಲ ಕೆಳಗಿಂದ ಕೂಗುತ್ತಿದ್ದಳು. ಲ್ಯಾಬಿನ ಹುಡುಗಿ ಬರತೊಡಗಿದ ಮೇಲೆ ಆ ಕೂಗು ಬದಲಾಯಿತು. "ಏನೋ, ನಿನ್ನ ಪೇಷಂಟ್ ಬಂದ್ಲಾ? ಕೂದಲು ಬಾಚ್ಕೊಂಡಿದೀಯಾ ಇಲ್ವಾ?"

ಎರಡನೆಯ ಭಾನುವಾರ ಅವಳು ಅಪ್ಪನ ತಲೆಯನ್ನು ಹತ್ತಿಯಲ್ಲಿ ಸುತ್ತಿ ತಂದಳು. ಬಿಚ್ಚಿ ನೋಡಿದರೆ ಅಪ್ಪ ಪೂರ್ತಿ ಗುಲಾಬಿ ಬಣ್ಣ.

"ಮೇಣದ ಅಚ್ಚಿಗೆ ಹೊಯ್ದಿದ್ದು ವಸಡು ಮಾಡೋ ಅಕ್ರಿಲಿಕ್," ಎಂದಳು ಸಂಕೋಚದಿಂದ. "ಲ್ಯಾಬಲ್ಲಿ ಅದೇ ಇದ್ದಿದ್ದು."

ನಗಬಾರದು ಎಂದುಕೊಂಡರೂ ಅವನಿಗೆ ತಡೆಯಲಾಗಲಿಲ್ಲ. ಆಮೇಲೆ ಅದನ್ನು ದೀಪದ ಹತ್ತಿರ ಹಿಡಿದ. ನಗು ನಿಂತುಹೋಯಿತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಆ ಮುಖದಲ್ಲಿ ಒಬ್ಬ ಮನುಷ್ಯ ಬಾಯ್ತುಂಬ ನಗುತ್ತಿದ್ದ. ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮೇಲೆ ಸ್ವಲ್ಪ ಏರಿ ಕೂತಿತ್ತು.

"ಇದು ಹೇಗೆ ನೆನಪಿತ್ತು ನಿಮಗೆ?"

"ಹಲ್ಲು ಒಂದೇ ನನಗೆ ನೆನಪಿರೋದು. ಬೇರೆಯವರು ಕಣ್ಣು ನೋಡಿ ಮಾತಾಡ್ತಾರೆ, ನಾನು ಹಲ್ಲು ನೋಡ್ತೀನಿ."

ಅವನು ತಕ್ಷಣ ಬಾಯಿ ಮುಚ್ಚಿಕೊಂಡ.

"ಮುಚ್ಚಬೇಡಿ. ನಿಮ್ಮದು ಚೆನ್ನಾಗಿದೆ," ಎಂದು ಹೇಳಿ, ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದವಳಂತೆ ಅವಳು ಗಡಿಬಿಡಿಯಿಂದ ಮರಳು ಕಾಗದ ಹುಡುಕತೊಡಗಿದಳು.

ಕೆಲಸ ಸಾಗಿತು. ಅವನು ವೀರನ ಉಬ್ಬಿದ ಎದೆಯನ್ನು ಅರದಿಂದ ತಗ್ಗಿಸಿದ. ಯಾವನೋ ಫುಟ್‌ಬಾಲ್ ಆಟಗಾರನಿಂದ ದಪ್ಪ ಮೀನಖಂಡದ ಕಾಲು ತೆಗೆದು, ಒಳಗೆ ತಂತಿ ತೂರಿಸಿ ಕೂಡಿಸಿದ. ಎಪಾಕ್ಸಿಯನ್ನು ಹಿಟ್ಟಿನ ಹಾಗೆ ನಾದಿ ಹೊಟ್ಟೆ ಬರಿಸಿದ.

ವೈದ್ಯರು ರೋಗಿಯನ್ನು ಕೇಳುವ ಹಾಗೆ ಅವನು ಕೇಳುತ್ತಿದ್ದ. "ನಿಂತ್ಕೊಂಡಾಗ ಯಾವ ಕಾಲಿನ ಮೇಲೆ ಭಾರ ಹಾಕ್ತಿದ್ರು?"

ಅವಳು ಎದ್ದು ನಿಂತು, ಕಣ್ಣು ಮುಚ್ಚಿ, ಕೊಳದ ಅಂಚಿನಲ್ಲಿ ಅಪ್ಪ ನಿಲ್ಲುತ್ತಿದ್ದ ಹಾಗೆ ನಿಲ್ಲುತ್ತಿದ್ದಳು. ಎಡಗಾಲ ಮೇಲೆ ಭಾರ, ಬಲಗೈ ಸೊಂಟದ ಮೇಲೆ. ಹಾಗೆ ನಿಂತಾಗ ಮರೆತೇಹೋಗಿದ್ದ ಸಂಗತಿಗಳು ಒಂದೊಂದಾಗಿ ಬರುತ್ತಿದ್ದವು. ಬೆಳಗಿನ ಕೊಳದ ಕ್ಲೋರಿನ್ ವಾಸನೆ. ಮೊದಲ ಸಲ ನೀರಿಗಿಳಿದು ಹೆದರಿ ಅತ್ತಾಗ ಅಪ್ಪ ಬಟ್ಟೆ ಸಮೇತ ಹಾರಿದ್ದು. ಮನೆಯಲ್ಲಿ ಊಟಕ್ಕೆ ಕರೆಯಲೂ ವಿಷಲ್ ಊದಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದದ್ದು.

ಅವನೂ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೂ ಅಕ್ಕನಿಗೂ ಹೊಸ ಆಟಿಕೆ ಸಿಕ್ಕಿದ್ದೇ ಇಲ್ಲ. ಚಿಕ್ಕಪ್ಪನ ಮಕ್ಕಳು ಮುರಿದು ಬಿಟ್ಟದ್ದೇ ಬರುತ್ತಿತ್ತು. "ಅಕ್ಕ ತನ್ನ ಬೊಂಬೆಯ ಕೈ ಕಿತ್ತು ನನ್ನ ಸೈನಿಕನಿಗೆ ಕೊಟ್ಟಿದ್ಲು. ಒಂದು ಕೈಗೆ ಬಳೆ ಇತ್ತು ಅವನಿಗೆ. ನಮ್ಮ ಬೀದಿಲಿ ಅವನನ್ನ ಸೋಲಿಸೋರೇ ಇರಲಿಲ್ಲ."

ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದ ರೀತಿಗೆ ಅವನು ಇಲ್ಲದ ಯುದ್ಧಗಳನ್ನೂ ಸೇರಿಸಿ ಹೇಳಿದ.

ಒಂದು ವಿಷಯವನ್ನು ಮಾತ್ರ ಅವನು ಬಣ್ಣ ಶುರುಮಾಡುವ ಮೊದಲೇ ಹೇಳಿಬಿಟ್ಟಿದ್ದ. ದೂರದ ಇನ್ನೊಂದು ಊರಿನ ಮ್ಯೂಸಿಯಂನವರು, ಹಳೆಯ ಕಾಲದ ಪೇಟೆಯ ಪುಟ್ಟ ಪ್ರತಿರೂಪಕ್ಕೆ ಪುಟ್ಟ ಪುಟ್ಟ ಮನುಷ್ಯರನ್ನು ಮಾಡಲು ಅವನನ್ನು ಕರೆದಿದ್ದರು. ಅವನು ಕನಸು ಕಂಡಿದ್ದ ಕೆಲಸ. "ಕೈಯಲ್ಲಿರೋ ಕೆಲಸ ಮುಗಿದ ತಕ್ಷಣ ಬರ್ತೀನಿ ಅಂದಿದೀನಿ."

"ಓ," ಎಂದಿದ್ದಳು ಅವಳು. ಕೈಯಲ್ಲಿದ್ದ ಮರಳು ಕಾಗದ ಕೆಳಗಿಟ್ಟು, "ಹಾಗಾದ್ರೆ ಬಣ್ಣ ಚೆನ್ನಾಗಿ ಹಚ್ಚಬೇಕು. ಆತುರ ಬೇಡ," ಎಂದಿದ್ದಳು.

ಬಣ್ಣ ಶುರುವಾಯಿತು. ಗುಲಾಬಿ ಅಪ್ಪ ಮೊದಲು ಬೂದು ಬಣ್ಣಕ್ಕೆ ತಿರುಗಿದರು, ಆಮೇಲೆ ತೆಳುವಾದ ಒಂದೊಂದೇ ಪದರದಲ್ಲಿ ಬಿಸಿಲಿಗೆ ಕಂದಿದ ಮೈಬಣ್ಣ ಪಡೆದರು. ಹಲ್ಲಿಗೆ ಅವನು ಬಿಳಿ ಬಣ್ಣ ಅದ್ದಿದಾಗ ಅವಳು ಕೈ ಹಿಡಿದು ತಡೆದಳು. "ಹಲ್ಲು ಯಾವತ್ತೂ ಬಿಳಿ ಇರಲ್ಲ. ಸ್ವಲ್ಪ ಹಳದಿ, ತುದಿಗೆ ಒಂಚೂರು ಬೂದು. ಅಪ್ಪ ಕಾಫಿ ಕುಡೀತಿದ್ರು."

ಹಿಡಿದ ಕೈಯನ್ನು ಬಿಡಲು ಅವಳು ಸ್ವಲ್ಪ ತಡ ಮಾಡಿದಳು. ಕುಂಚದ ತುದಿಯ ಬಣ್ಣ ಒಣಗಿಹೋಯಿತು. ಇಬ್ಬರೂ ಅದನ್ನು ನೋಡಲಿಲ್ಲ.

ಕಣ್ಣೇ ಕಷ್ಟ. ದೀಪವಿರುವ ಭೂತಗನ್ನಡಿಯಲ್ಲಿ ಇಬ್ಬರೂ ಒಟ್ಟಿಗೆ ಬಗ್ಗಿದರೆ ಅವಳ ರೆಪ್ಪೆಗಳು ಗಾಜಿನಲ್ಲಿ ಬೆರಳುದ್ದ ಕಾಣುತ್ತಿದ್ದವು. ಅವನು ಉಸಿರು ಬಿಗಿಹಿಡಿದು ಒಂದು ಚುಕ್ಕೆ ಇಡುತ್ತಿದ್ದ. "ಕೊಂಚ ಆ ಕಡೆ ನೋಡ್ತಿದಾರೆ," ಎನ್ನುತ್ತಿದ್ದಳು. ಅಳಿಸುತ್ತಿದ್ದ. ಮುಂದಿನ ವಾರ ಮತ್ತೆ. "ಈಗ ಸಿಟ್ಟು ಬಂದ ಹಾಗಿದೆ." ಮತ್ತೆ ಅಳಿಸುತ್ತಿದ್ದ. ಮ್ಯೂಸಿಯಂನಿಂದ ಫೋನ್ ಬರುತ್ತಿತ್ತು. "ಇನ್ನೇನು, ಕಣ್ಣೊಂದು ಬಾಕಿ ಸರ್," ಎಂದು ಅವನು ಹೇಳುತ್ತಿದ್ದ.

ಬೇಸಿಗೆಯಲ್ಲಿ ಹಿಡಿದ ಕೆಲಸ ಚಳಿಗಾಲಕ್ಕೆ ಬಂದು ನಿಂತಿತು. ಕೊನೆಗೆ ಮ್ಯೂಸಿಯಂನವರು, ಈ ತಿಂಗಳು ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದುಬಿಟ್ಟರು. ಅವನು ಒಂದೇ ಸಲಕ್ಕೆ ಕೂತು ಕಣ್ಣು ಬರೆದ. ಅವಳು ಭೂತಗನ್ನಡಿಯಲ್ಲಿ ನೋಡಿ, ಅದರ ದೀಪ ಆರಿಸಿದಳು. ತಿದ್ದಲು ಏನೂ ಉಳಿದಿರಲಿಲ್ಲ.

"ನೀವೇ ಬಂದು ಅಮ್ಮನ ಕೈಗೆ ಕೊಡಿ," ಎಂದಳು.

ಅವಳ ಮನೆ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದದ್ದು ಅಮ್ಮನೇ. ಚುರುಕಾದ ಹೆಂಗಸು. "ಬಾಪ್ಪ, ಚಪ್ಪಲಿ ಅಲ್ಲೇ ಬಿಡು, ಕುರ್ಚಿ ನಿನ್ನ ಎಡಕ್ಕಿದೆ," ಎಂದು ಸರಸರ ಒಳಗೆ ನಡೆದರು. ಅವನಿಗೆ ಏನೂ ಅನ್ನಿಸಲಿಲ್ಲ. ಕಾಫಿ ಸುರಿಯುವಾಗ ಮಾತ್ರ ಅವರು ಲೋಟದ ಅಂಚಿನೊಳಗೆ ಬೆರಳ ತುದಿ ಇಟ್ಟುಕೊಂಡರು. ಬಿಸಿ ಬೆರಳಿಗೆ ತಗುಲಿದ ಕೂಡಲೇ ನಿಲ್ಲಿಸಿದರು.

ಅವನು ಅವಳತ್ತ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಅಮ್ಮ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಎರಡೂ ಅಂಗೈ ಚಾಚಿದರು. ಅವನು ಗೊಂಬೆಯನ್ನು ಇಟ್ಟ. ಬೆರಳುಗಳು ಭುಜದ ಮೇಲೆ ಹೋದವು, ಕೆಳಗಿಳಿದವು. ಅಮ್ಮ ನಕ್ಕರು. "ಹೊಟ್ಟೆ ಕಮ್ಮಿ ಮಾಡಿದೀಯಲ್ಲೋ. ಇವರಿಗೆ ಇದಕ್ಕಿಂತ ಮುಂದಿತ್ತು."

ಆಮೇಲೆ ಮುಖ. ಹಣೆ, ಮೂಗು, ಕೆನ್ನೆ. ಉಗುರಿನ ತುದಿ ಆ ಏರಿದ ಹಲ್ಲಿಗೆ ತಾಗಿ ಅಲ್ಲೇ ನಿಂತಿತು.

"ನಗ್ತಾ ಇದಾರೆ," ಎಂದರು ಅಮ್ಮ. ದನಿ ತೀರಾ ಸಣ್ಣದಾಗಿತ್ತು.

ಬೆರಳು ಹಲ್ಲಿನಿಂದ ಮೇಲೆ ಸರಿದು ಕಣ್ಣಿನ ಮೇಲೆ ಬಂತು. ಮತ್ತೆ ಅವರೇ ಕೇಳಿದರು, "ಕಣ್ಣು ಬರೆದಿದಾರೆ ಅಂದ್ಲು ಇವಳು. ಯಾವ ಕಡೆ ನೋಡ್ತಿದಾರಪ್ಪ?"

"ನಿಮ್ಮ ಕಡೆಗೇ ಅಮ್ಮ," ಎಂದ ಅವನು. ಎದ್ದು ಹೊರಗೆ ಮೆಟ್ಟಿಲ ಹತ್ತಿರ ಬಂದುಬಿಟ್ಟ.

ಅವಳು ಹಿಂದೆಯೇ ಬಂದಳು.

"ಹೇಳಬಹುದಿತ್ತು," ಎಂದ ಅವನು ಗೋಡೆ ನೋಡುತ್ತ. "ಅವರಿಗೆ ಕಾಣಲ್ಲ ಅಂತ. ತಿಂಗಳುಗಟ್ಟಲೆ ಬಣ್ಣ ಹಚ್ಚಿದೆ. ಯಾರಿಗೆ?"

"ನನಗೆ."

"ನಿಮಗಾ?"

"ಮೊದಲು ಹೇಳೋಣ ಅಂತಲೇ ಇದ್ದೆ. ಅಯ್ಯೋ ಪಾಪ ಅನ್ನಿಸ್ಕೊಳ್ಳೋದು ಅಮ್ಮನಿಗೆ ಆಗಲ್ಲ, ಅದಕ್ಕೆ ಸುಮ್ಮನಾದೆ. ಆಮೇಲೆ ನೀವು ಆ ಮ್ಯೂಸಿಯಂ ವಿಷಯ ಹೇಳಿದ್ರಿ." ಅವಳು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮೈ ಮುಗಿದಿತ್ತು, ಮುಖ ಮುಗಿದಿತ್ತು. ಬಣ್ಣ ಬೇಡ ಅಂದಿದ್ರೆ ಅವತ್ತೇ ಹೊರಟುಬಿಡ್ತಿದ್ರಿ. ನಾನು ಇನ್ನೊಂದು ಭಾನುವಾರಕ್ಕೆ ಏನಂತ ಬರಲಿ? ಕಣ್ಣು ಆ ಕಡೆ ನೋಡ್ತಿದೆ, ಈ ಕಡೆ ನೋಡ್ತಿದೆ ಅಂದೆ. ಬೈಯೋದಿದ್ರೆ ಬೈದುಬಿಡಿ."

ಅವನು ಬೈಯಲಿಲ್ಲ. ತಲೆ ಕೆರೆದುಕೊಂಡ.

"ಕಣ್ಣು ಶುರು ಮಾಡಿದ ಮೊದಲ ತಿಂಗಳಲ್ಲೇ ಒಂದು ಸಲ ಸರಿಯಾಗೇ ಬಂದಿತ್ತು."

"ಮತ್ತೆ?"

"ನೀವು ಬರೋದು ಐದು ನಿಮಿಷ ತಡ ಆಯ್ತು ಅವತ್ತು. ಅಷ್ಟರಲ್ಲಿ ಅಳಿಸಿಬಿಟ್ಟೆ."

ಅವಳು ಅವನನ್ನು ದಿಟ್ಟಿಸಿದಳು. ಮೊದಲು ಕಣ್ಣು ನಕ್ಕವು, ಆಮೇಲೆ ತುಟಿ. ಅವನು ಅವಳ ಬೆರಳು ಹಿಡಿದುಕೊಂಡ. ಮೇಣದ ಕೆಲಸದಲ್ಲಿ ಸುಟ್ಟು ಸುಟ್ಟು ತುದಿ ಒರಟಾಗಿದ್ದ ಬೆರಳು.

"ಈಗ ಏನು ಮಾಡೋಣ?" ಎಂದ. "ಇಲ್ಲೇ ಇರು ಅಂದ್ರೆ ಇರ್ತೀನಿ. ಬೋರ್ಡು ಬರೀತಾ ಇದ್ದುಬಿಡ್ತೀನಿ."

"ಹುಚ್ಚಾ ನಿನಗೆ?" ಅವಳ ಬಾಯಲ್ಲಿ ಮೊದಲ ಸಲ ಏಕವಚನ ಬಂದಿತ್ತು. ಇಬ್ಬರಿಗೂ ಅದು ಕೇಳಿಸಿತು. "ಅಂಥ ಕೆಲಸ ಯಾರಾದ್ರೂ ಬಿಡ್ತಾರಾ? ಹೋಗು. ನಾನೂ ಬರ್ತೀನಿ. ಹಲ್ಲು ಎಲ್ಲಾ ಊರಲ್ಲೂ ಬೀಳುತ್ತೆ, ನನಗೆಲ್ಲಿ ಕೆಲಸಕ್ಕೆ ಬರ?" ಎಂದಳು. ಅವಳ ನೋಟ ಬಾಗಿಲ ಕಡೆ ತಿರುಗಿತು. "ಆದ್ರೆ ಅಮ್ಮ..."

"ಏನು ಅಮ್ಮ?" ಒಳಗಿಂದ ದನಿ ಬಂತು. "ನನಗೆ ಹೋಗಿರೋದು ಕಣ್ಣು, ಕಿವಿ ಅಲ್ಲ. ಮೆಟ್ಟಿಲ ಮೇಲೆ ನಿಂತು ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಪ್ರೀತಿ ಮಾಡ್ಬೇಡಿ, ಒಳಗೆ ಬನ್ನಿ."

ಇಬ್ಬರೂ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಅಮ್ಮ ಗೊಂಬೆಯನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರು. ಅದರ ಕಾಲು ಮಡಚಿ, ಕೈ ಸೊಂಟದ ಮೇಲಿಟ್ಟು, ತಮ್ಮ ಗಂಡ ಕೂರುತ್ತಿದ್ದ ಹಾಗೆಯೇ ಕೂರಿಸಿದ್ದರು.

"ಆ ಊರಲ್ಲಿ ಈಜುಕೊಳ ಇದೆಯಾ?" ಎಂದು ಕೇಳಿದರು.

"ಇದೆ ಅಮ್ಮ. ಮ್ಯೂಸಿಯಂ ಪಕ್ಕದಲ್ಲೇ."

"ಹತ್ತಿರದಲ್ಲೇ ಮನೆ ನೋಡು. ಬೆಳಗ್ಗೆ ಮಕ್ಕಳು ಕಿರುಚೋದು ಕೇಳಬೇಕು ನನಗೆ. ಇನ್ನೇನು, ಊರು ಬಿಡೋಕೆ ನನಗೆ ಯಾವ ಕಷ್ಟ?" ಅಮ್ಮ ನಕ್ಕರು. "ಈಗ ಎಲ್ಲಾ ಊರೂ ನನಗೆ ಒಂದೇ ಥರ ಕಾಣುತ್ತೆ."

ಅವಳು ಅಮ್ಮನ ಭುಜಕ್ಕೆ ಮುಖ ಒತ್ತಿ ಅಳುತ್ತ ನಗುತ್ತ ಕೂತಳು. ಅವನು ಆರಿಹೋಗುತ್ತಿದ್ದ ಕಾಫಿಯನ್ನು ಕೈಗೆತ್ತಿಕೊಂಡು, ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತ.