ಹಿತ್ತಾಳೆಯ ಏಳು ಬಿಲ್ಲೆ

ಲಾಂಡ್ರಿಯಮ್ಮನ ಲೆಕ್ಕ ಹೀಗಿತ್ತು. ಏಳು ಹಳೆಯ ಬೆಳ್ಳಿ ನಾಣ್ಯಗಳಿಗೆ ಒಂದೊಂದು ಬೆಳ್ಳಿಯ ಚೌಕಟ್ಟು. ಆ ಬೆಳ್ಳಿಗೆ ಹನ್ನೊಂದು ದಿನದ ಕೂಲಿ. ಪೋಣಿಸುವ ಸರಪಳಿಗೆ ಒಂಬತ್ತು ದಿನದ್ದು. ಮಜೂರಿಗೆ ಹದಿನೆಂಟು ದಿನದ್ದು. ಒಟ್ಟು ಮೂವತ್ತೆಂಟು ದಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೇರೆಯವರ ರಕ್ತದ ಕಲೆ ಒಗೆದು ಗಳಿಸಿದ್ದು ಒಂದು ಸರಕ್ಕೆ ಹೋಯಿತು. ನಾಣ್ಯಗಳು ಮನೆಯವೇ ಆದ್ದರಿಂದ ಅವಕ್ಕೆ ಅವಳು ಬೆಲೆ ಕಟ್ಟಿರಲಿಲ್ಲ.

ಈ ಲೆಕ್ಕವನ್ನು ಅವಳು ಠಾಣೆಯಲ್ಲಿ ಮೂರು ಸಲ ಒಪ್ಪಿಸಬೇಕಾಯಿತು. ಮೊದಲೆರಡು ಸಲ ಕೇಳಿಸಿಕೊಂಡವನು ಹೆಡ್ ಕಾನ್‌ಸ್ಟೇಬಲ್. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವನಾದ್ದರಿಂದ ಎಲ್ಲರೂ ಅವನನ್ನು ಕಾಗದಪ್ಪ ಎಂದೇ ಕರೆಯುತ್ತಿದ್ದರು. ಅವನು ಒಡವೆ ಅಂಗಡಿಯ ರಸೀದಿ ನೋಡಿದ, ಏಳು ನಾಣ್ಯ ಪಡೆದಿದೆ ಎಂದಿತ್ತು. ಸರದಲ್ಲಿ ಎಣಿಸಿದ, ಏಳಿದ್ದವು. ಏಳು ಕೊಟ್ಟು ಏಳು ತಗೊಂಡವಳಿಗೆ ಕಳುವಾದದ್ದೇನು ಎಂದು ಕೇಳಿ ವಾಪಸ್ ಕಳಿಸಿದ್ದ.

ಮೂರನೆಯ ಸಲ, ಒಂಬತ್ತನೇ ತಾರೀಖು ಬೆಳಿಗ್ಗೆ 10.20ಕ್ಕೆ, ಅವಳು ಕಾಗದಪ್ಪನ ಮೇಜನ್ನು ದಾಟಿಕೊಂಡು ನೇರವಾಗಿ ಇನ್‌ಸ್ಪೆಕ್ಟರ್ ಕೋಣೆಗೆ ಬಂದು ಸರವನ್ನು ಮೇಜಿನ ಮೇಲಿಟ್ಟಳು.

"ಇವು ನಮ್ಮವಲ್ಲ ಸಾರ್. ಶಬ್ದ ಬೇರೆ."

ಇನ್‌ಸ್ಪೆಕ್ಟರ್ ಕೂರಲು ಹೇಳಿದ. ಅವಳು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದನ್ನು ಅವನು ನಡುವೆ ಬಾಯಿ ಹಾಕದೆ ಕೇಳಿದ. ಅವಳ ತಂದೆ ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಮಗು ಹುಟ್ಟಿದಾಗಲೆಲ್ಲ ಆ ವರ್ಷದ ಮುದ್ರೆಯಿದ್ದ ಒಂದು ಬೆಳ್ಳಿ ನಾಣ್ಯವನ್ನು ಸಂಬಳದಿಂದ ಎತ್ತಿಡುತ್ತಿದ್ದ. ಏಳು ಮಕ್ಕಳು, ಏಳು ನಾಣ್ಯ. ಮೂವರು ಒಂದೇ ವಾರದ ಜ್ವರದಲ್ಲಿ ಹೋದರು. ದೊಡ್ಡವರಾದ ಮೇಲೆ ಇನ್ನು ಮೂವರು, ಒಬ್ಬರ ಹಿಂದೆ ಒಬ್ಬರು. ಉಳಿದವಳು ಇವಳೊಬ್ಬಳೇ. ಜ್ವರದಲ್ಲಿ ಹೋದವರದು ಒಂದು ಫೋಟೊ ಕೂಡ ಇಲ್ಲ. ಮನೆಯಲ್ಲಿ ಅವರ ಗುರುತು ಅಂತ ಇದ್ದದ್ದು ಆ ನಾಣ್ಯ ಮಾತ್ರ. ಚಿಕ್ಕವರಿದ್ದಾಗ ಕಲ್ಲಿನ ಮೆಟ್ಟಿಲ ಮೇಲೆ ಅವನ್ನು ಬುಗುರಿಯಂತೆ ತಿರುಗಿಸಿ, ಯಾರದು ಹೆಚ್ಚು ಹೊತ್ತು ಹಾಡುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರಂತೆ. ಡಬ್ಬಿಯಲ್ಲಿ ಬಿಡಿಬಿಡಿಯಾಗಿದ್ದರೆ ತನ್ನ ಕಾಲ ಮುಗಿದ ಮೇಲೆ ಒಂದೊಂದಾಗಿ ಕಳೆದುಹೋಗುತ್ತವೆ, ಸರವಾದರೆ ಏಳೂ ಜೊತೆಗಿರುತ್ತವೆ ಎಂದು ಅವಳು ಅಂಗಡಿಗೆ ಕೊಟ್ಟಳು. ತೂತು ಹಾಕಬಾರದು, ಬೆಸುಗೆ ಮುಟ್ಟಿಸಬಾರದು, ಉಜ್ಜಿ ಹೊಳಪು ತರಬಾರದು. ಈ ಮೂರನ್ನೂ ಅಂಗಡಿಯವನೇ ರಸೀದಿಯ ಹಿಂದೆ ಬರೆದುಕೊಟ್ಟಿದ್ದ.

ಒಂದನೇ ತಾರೀಖು ಸರ ಕೈಗೆ ಬಂತು. ಐದಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಬಟ್ಟೆ ಕುದಿಸುವ ಹಂಡೆಯ ಹಬೆಯಲ್ಲಿ ಒಂದು ಗಂಟೆ ನಿಂತಿರಬೇಕು, ಎದೆಯ ಮೇಲೆ ಗಲಗಲ ಸದ್ದು ಶುರುವಾಯಿತು. ಏಳೂ ನಾಣ್ಯ ಚೌಕಟ್ಟಿನೊಳಗೆ ಅಲುಗಾಡುತ್ತಿದ್ದವು.

"ಮನೆಗೆ ಹೋಗಿ ಒಂದರ ತಿರುಪು ಬಿಚ್ಚಿ ಮೆಟ್ಟಿಲ ಮೇಲೆ ತಿರುಗಿಸಿದೆ," ಎಂದಳು. "ಹಾಡ್ಲೇ ಇಲ್ಲ. ಅಂಗಿ ಗುಂಡಿ ಬಿದ್ದ ಹಾಗೆ ಬಿತ್ತು."

ಇನ್‌ಸ್ಪೆಕ್ಟರ್ ಕಾಗದಪ್ಪನನ್ನು ಒಳಗೆ ಕರೆದ.

"ಇವರು ಎಷ್ಟು ಸಲ ಬಂದಿದ್ರು?"

"ಎರಡು ಸಲ ಸಾರ್. ಲೆಕ್ಕ ಸರಿ ಇತ್ತು."

"ನೀನು ನಿಮ್ಮಪ್ಪನ ಫೋಟೊ ಕಟ್ಟು ಹಾಕೋಕೆ ಕೊಡ್ತೀಯ. ಕಟ್ಟು ಹಾಕೋನು ಬೇರೆ ಯಾರದೋ ಅಪ್ಪನ ಫೋಟೊ ಕಟ್ಟು ಹಾಕಿ ಕೊಡ್ತಾನೆ. ಒಂದಕ್ಕೊಂದು ಸರಿಹೋಯ್ತು ಅಂತ ಮನೆಗೆ ಒಯ್ತೀಯಾ?"

ಕಾಗದಪ್ಪ ಪೆನ್ನು ತೆಗೆದ. 11.05ಕ್ಕೆ ಎಫ್‌ಐಆರ್ ದಾಖಲಾಯಿತು. ಗುರುತು ಹೇಳಿ ಎಂದಾಗ ಲಾಂಡ್ರಿಯಮ್ಮ ಹುಟ್ಟಿದ ಕ್ರಮದಲ್ಲಿ ಏಳು ವರ್ಷಗಳನ್ನೂ ಬಾಯಿಪಾಠದಂತೆ ಬರೆಸಿದಳು. ನಾಲ್ಕನೆಯದು ತನ್ನದು, ಅದು ಮಿಕ್ಕವುಗಳಷ್ಟು ಗುಂಡಗಿಲ್ಲ, ಅಂಚಿನಲ್ಲಿ ಒಂದು ಕಚ್ಚು ಇದೆ ಎಂದಳು. ಕಾಗದಪ್ಪ ಸರವನ್ನು ಬೆಳಕಿಗೆ ಹಿಡಿದು ನೋಡಿದ. ನಾಲ್ಕನೆಯ ನಾಣ್ಯದಲ್ಲೂ ಕಚ್ಚು ಇತ್ತು. ಅವನು ಮತ್ತೆ ಇನ್‌ಸ್ಪೆಕ್ಟರ್ ಮುಖ ನೋಡಿದ.

"ಅಚ್ಚು ತೆಗೆದ್ರೆ ಕಚ್ಚೂ ಬರುತ್ತೆ," ಎಂದ ಇನ್‌ಸ್ಪೆಕ್ಟರ್. "ಬರಿ."

ಮಧ್ಯಾಹ್ನ 12.15ಕ್ಕೆ ಇನ್‌ಸ್ಪೆಕ್ಟರ್, ಕಾಗದಪ್ಪ ಇಬ್ಬರೂ ಒಡವೆ ಅಂಗಡಿಯಲ್ಲಿದ್ದರು. ಗಾಜಿನ ಪೆಟ್ಟಿಗೆಗಳ ಮೇಲೆ ಒಂದು ಬೆರಳಚ್ಚೂ ಇರಲಿಲ್ಲ. ಮಾಲೀಕ ಅಚ್ಚುಕಟ್ಟಿನ ಮನುಷ್ಯ. ಮಾತಾಡುವಾಗಲೂ ಮೇಜಿನ ಮೇಲಿನ ಪೆನ್ನುಗಳನ್ನು ಒಂದೇ ಸಾಲಿಗೆ ಸರಿಪಡಿಸುತ್ತಿದ್ದ. ನಾಣ್ಯಗಳನ್ನು ತಾನು ಅಕ್ಕಸಾಲಿಗೆ ಕೊಟ್ಟೆ, ಸರ ಮೂವತ್ತನೇ ತಾರೀಖು ಸಂಜೆ ಅವನಿಂದ ಬಂತು, ಒಂದಕ್ಕೆ ಗಿರಾಕಿಗೆ ಕೊಟ್ಟೆ ಎಂದ. ತಾನು ಪೊಟ್ಟಣ ಕೂಡ ಬಿಚ್ಚಿಲ್ಲವಂತೆ. ಅಂಗಡಿ ಎರಡು ತಲೆಮಾರಿನದು, ಅಕ್ಕಸಾಲಿ ಕೂಲಿಯವನು, ಕೈಚಳಕ ತೋರಿಸಿದ್ದರೆ ಅವನೇ ತೋರಿಸಿರಬೇಕು ಎಂದ.

"ಆದ್ರೂ ಬೆಳ್ಳಿ ಕೊಟ್ಲು, ಬೆಳ್ಳಿ ತಗೊಂಡ್ಲು. ಬಟ್ಟೆ ಒಗೆಯೋಳಿಗೆ ನಾಣ್ಯ ಹಾಡೋದು ಕೇಳಿಸುತ್ತಂತೆ. ಇದಕ್ಕೆಲ್ಲ ನೀವು ಬರಬೇಕಾ ಸಾರ್?"

ಇನ್‌ಸ್ಪೆಕ್ಟರ್ ಆ ಮಾತನ್ನು ಹಾಗೆಯೇ ಡೈರಿಯಲ್ಲಿ ಬರೆದುಕೊಂಡ, ಒಂದಕ್ಷರ ಬಿಡದೆ. ಅಂಥ ಮಾತನ್ನು ಅವನು ಮರೆಯುವವನೇನಲ್ಲ. ಆದರೆ ಆ ಹೊತ್ತಿನಲ್ಲಿ ಕೈಗೆ ಏನಾದರೂ ಕೆಲಸ ಬೇಕಿತ್ತು.

ಅಕ್ಕಸಾಲಿಯ ಮನೆ ಹಿಂದಿನ ಬೀದಿಯಲ್ಲಿ, ಎರಡನೆಯ ಮಹಡಿಯಲ್ಲಿತ್ತು. ಇದ್ದ ಎರಡು ಕೋಣೆಗಳಲ್ಲಿ ಕಿಟಕಿಯಿದ್ದ ಕೋಣೆ ಕೆಲಸಕ್ಕೆ, ಇನ್ನೊಂದು ಸಂಸಾರಕ್ಕೆ. 3.30ಕ್ಕೆ ಮೆಟ್ಟಿಲು ಹತ್ತುವಾಗ ಕಾಗದಪ್ಪ, ಇವನೇ ಸಾರ್, ಕರ್ಕೊಂಡೇ ಹೋಗಿಬಿಡೋಣ ಎಂದು ಪಿಸುಗುಟ್ಟಿದ. ಬಾಗಿಲು ತೆರೆದ ಹೆಂಡತಿ ಖಾಕಿ ಕಂಡು ಹೆದರಲಿಲ್ಲ. ನಾಣ್ಯದ ವಿಷಯ ಎಂದ ಕೂಡಲೇ ಗಂಡನ ಕಡೆ ಕೈ ತೋರಿಸಿದಳು.

"ಆ ನಾಣ್ಯಗಳಿಗೆ ಇವರು ಏನೂ ಮಾಡಿರಲ್ಲ ಬಿಡಿ. ಬೆವರು ತಾಗುತ್ತೆ ಅಂತ ಹತ್ತಿ ಕೈಗವಸು ಹಾಕ್ಕೊಂಡು ಮುಟ್ಟಿದಾರೆ. ಮದುವೆ ದಿನ ನನ್ನ ಕೈಯನ್ನೂ ಇಷ್ಟು ಮೆತ್ತಗೆ ಹಿಡಿದಿರ್ಲಿಲ್ಲ."

ಅಕ್ಕಸಾಲಿ ನಗಲಿಲ್ಲ. ಸರವನ್ನು ಕಿಟಕಿಯ ಬಳಿ ಒಯ್ದು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಬಿಚ್ಚಿದ್ದ ಚೌಕಟ್ಟಿನ ಒಳಗೆ ಸೂಜಿಯಿಂದ ಕೆರೆದ. ಸೂಜಿಯ ತುದಿಯಲ್ಲಿ ಹಳದಿ ಮೇಣದಂಥದ್ದು ಬಂತು. ಅವನ ಕಿವಿ ಕೆಂಪಾಯಿತು.

"ಅಂಟು. ನನ್ನ ಚೌಕಟ್ಟಿಗೆ ಅಂಟು ಹಾಕಿದಾರೆ."

ಅವನ ಕೆಲಸದ ರೀತಿ ಬೇರೆ. ಹಳೆಯ ನಾಣ್ಯಗಳು ಒಂದರಂತೆ ಒಂದಿರುವುದಿಲ್ಲ, ಸವೆದಿರುತ್ತವೆ, ಸೊಟ್ಟಗಿರುತ್ತವೆ. ಚೌಕಟ್ಟನ್ನು ಅಳತೆಗೆ ಕೂಡಿಸಲು ಹತ್ತಾರು ಸಲ ಹಾಕಿ ತೆಗೆಯಬೇಕು, ಅಷ್ಟರಲ್ಲಿ ಅಂಚಿಗೆ ಗೀರು ಬಿದ್ದೇ ಬೀಳುತ್ತದೆ. ಅದಕ್ಕೆ ಅವನು ಮೊದಲು ಪ್ರತಿ ನಾಣ್ಯಕ್ಕೂ ಒಂದು ಹಿತ್ತಾಳೆಯ ಬಿಲ್ಲೆ ಮಾಡುತ್ತಾನೆ, ಅದೇ ಅಗಲ, ಅದೇ ದಪ್ಪ, ಅದೇ ಸೊಟ್ಟು. ಅರ, ಬೆಂಕಿ, ಬೆಸುಗೆ ಎಲ್ಲವನ್ನೂ ಬಿಲ್ಲೆ ತಿನ್ನುತ್ತದೆ. ಕೊನೆಯ ದಿನ ಬಿಲ್ಲೆ ತೆಗೆದು ನಾಣ್ಯ ಕೂರಿಸಿ ತಿರುಪು ಬಿಗಿಯುತ್ತಾನೆ. ನಾಣ್ಯಕ್ಕೆ ಉಪಕರಣದ ಪರಿಚಯವೇ ಆಗುವುದಿಲ್ಲ.

"ಆ ಬಿಲ್ಲೆಗಳು ಈಗೆಲ್ಲಿ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಎಸೀರಿ ಅಂತ ನಾನು ದಿನಾ ಬಯ್ತೀನಿ," ಎಂದು ಹೆಂಡತಿ ಮಂಚದ ಕೆಳಗಿನಿಂದ ಒಂದು ತಗಡಿನ ಡಬ್ಬಿ ಎಳೆದಳು. ಒಂದರಿಂದ ಏಳರವರೆಗೆ ಅಂಕಿ ಕೆತ್ತಿದ ಬಿಲ್ಲೆಗಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದವು.

ಇನ್‌ಸ್ಪೆಕ್ಟರ್ ಕೆಳಗಿನ ಚಪ್ಪಲಿ ಹೊಲಿಯುವವನನ್ನೂ ಎದುರಿನ ಔಷಧಿ ಅಂಗಡಿಯವನನ್ನೂ ಪಂಚರಾಗಿ ಕರೆಸಿದ. 4.40ಕ್ಕೆ ಪಂಚನಾಮೆ ಶುರುವಾಯಿತು. ಅಕ್ಕಸಾಲಿ ಒಂದನೆಯ ಚೌಕಟ್ಟಿನಲ್ಲಿ ಒಂದನೆಯ ಬಿಲ್ಲೆ ಕೂರಿಸಿ ತಿರುಪು ಬಿಗಿದ. ಔಷಧಿ ಅಂಗಡಿಯವನು ಅದನ್ನು ಸೀಸೆ ಕುಲುಕುವಂತೆ ಕುಲುಕಿದ. ಸದ್ದಿಲ್ಲ. ಬಿಲ್ಲೆ ತೆಗೆದು ಸರದಲ್ಲಿ ಬಂದಿದ್ದ ನಾಣ್ಯವನ್ನೇ ಕೂರಿಸಿದ. ಗಲಗಲ ಎಂದಿತು. ಏಳಕ್ಕೂ ಹಾಗೇ. ಅಚ್ಚಿಗೆ ಹೊಯ್ದ ಬೆಳ್ಳಿ ಆರುವಾಗ ಕೂದಲೆಳೆಯಷ್ಟು ಕುಗ್ಗುತ್ತದೆ ಎಂದು ಅಕ್ಕಸಾಲಿ ವಿವರಿಸಿದ. ಆ ಎಳೆಯಷ್ಟು ಸಂದನ್ನೇ ಯಾರೋ ಅಂಟಿನಿಂದ ತುಂಬಿದ್ದರು. ಲಾಂಡ್ರಿಯ ಹಬೆ ಅದನ್ನು ಕರಗಿಸಿತ್ತು.

ಬರೆಯುತ್ತಿದ್ದ ಕಾಗದಪ್ಪ ತಲೆಯೆತ್ತಿದ.

"ಸಾರ್, ಇವರೇ ಕದ್ದಿದ್ರೆ ಚೌಕಟ್ಟನ್ನೂ ನಕಲಿಯ ಅಳತೆಗೇ ಮಾಡ್ಕೊಳ್ತಿದ್ರು. ಅಂಟು ಬೇಕಾಗೋದು ಚೌಕಟ್ಟು ಮಾಡೋಕೆ ಬರದೇ ಇರೋನಿಗೆ."

"ಅದನ್ನೂ ಬರಿ," ಎಂದ ಇನ್‌ಸ್ಪೆಕ್ಟರ್. "ಸರ ಅಂಗಡಿಗೆ ಕೊಟ್ಟಿದ್ದು ಯಾವತ್ತು?"

ಅಕ್ಕಸಾಲಿ ಕೈಪುಸ್ತಕ ತೋರಿಸಿದ. ಇಪ್ಪತ್ನಾಲ್ಕನೇ ತಾರೀಖು, ಕೆಳಗೆ ಮಾಲೀಕನ ಸಹಿ. ಮೂವತ್ತು ಅಲ್ಲ. ಆರು ದಿನ ಸರ ಅಂಗಡಿಯಲ್ಲೇ ಇತ್ತು. ಇಪ್ಪತ್ತೈದಕ್ಕೆ ಕೇಳಲು ಹೋದ ಲಾಂಡ್ರಿಯಮ್ಮನಿಗೆ, ಅಕ್ಕಸಾಲಿ ಸೋಮಾರಿ, ಇನ್ನೂ ಕೊಟ್ಟಿಲ್ಲ ಎಂದು ಅಂಗಡಿಯಲ್ಲಿ ಹೇಳಿ ಕಳಿಸಿದ್ದರಂತೆ, ಬೆಳಿಗ್ಗೆ ಠಾಣೆಯಲ್ಲಿ ಅವಳೇ ಹೇಳಿದ್ದಳು. ಕೆಲಸ ಮುಗಿಸಿ ಕೊಟ್ಟವನ ಮೇಲೆ ಸೋಮಾರಿಯ ಹೆಸರು, ಅದು ತೊಳೆದುಹೋಗುವ ಮೊದಲೇ ಕಳ್ಳನ ಹೆಸರು. ಇನ್‌ಸ್ಪೆಕ್ಟರ್ ಇದನ್ನು ತಿಳಿಸಿದಾಗ ಅಕ್ಕಸಾಲಿ ಕೈಪುಸ್ತಕ ಮಡಚಿಟ್ಟ. ಹೆಂಡತಿ ಡಬ್ಬಿಯ ಮುಚ್ಚಳವನ್ನು ದಡಾರನೆ ಹಾಕಿದಳು.

ಹತ್ತನೇ ತಾರೀಖು 11.40ಕ್ಕೆ ಶೋಧನೆಯ ಆದೇಶ ಹಿಡಿದು ಅಂಗಡಿಯ ಹಿಂದಿನ ಕೋಣೆಗೆ ಹೋದರು. ಅಲ್ಲಿ ಅಂಗೈ ಅಗಲದ ಕುಲುಮೆ, ಬೆಳ್ಳಿ ಕರಗಿಸುವ ಒಂದು ಮೂಸೆ, ಅಚ್ಚು ಒತ್ತುವ ನುಣ್ಣನೆಯ ಮರಳಿನ ಪೆಟ್ಟಿಗೆ, ಅರ್ಧ ಮುಗಿದ ಅಂಟಿನ ಟ್ಯೂಬು ಸಿಕ್ಕವು. ಮಾಲೀಕನ ತಂದೆ ಅಕ್ಕಸಾಲಿಯಾಗಿದ್ದ, ಮಗ ಎರಕ ಹೊಯ್ಯುವಷ್ಟು ಕಲಿತು, ಮಿಕ್ಕದ್ದು ಕೂಲಿಯವರ ಕೆಲಸ ಎಂದು ಬಿಟ್ಟಿದ್ದ. ಬೀಗ ಹಾಕಿದ ಬೀರುವಿನಲ್ಲಿ ಮಖಮಲ್ಲಿನ ತಟ್ಟೆಗಳಿದ್ದವು. ಪ್ರತಿ ಗುಳಿಯಲ್ಲಿ ಒಂದು ಬೆಳ್ಳಿ ನಾಣ್ಯ, ಕೆಳಗೆ ವರ್ಷ ಬರೆದ ಚೀಟಿ. ನಲವತ್ತೆರಡು ವರ್ಷ, ನಲವತ್ತೆರಡು ನಾಣ್ಯ. ಒಂದು ಗುಳಿಯ ಮಖಮಲ್ಲು ಮಾತ್ರ ಅಕ್ಕಪಕ್ಕದವುಗಳಿಗಿಂತ ಹೊಸದಾಗಿತ್ತು, ಅದರಲ್ಲಿ ನಾಣ್ಯದ ಭಾರ ಇನ್ನೂ ಅಚ್ಚೊತ್ತಿರಲಿಲ್ಲ.

ಆ ನಾಣ್ಯದ ಮೇಲೆ ನಾಲ್ಕನೆಯ ಬಿಲ್ಲೆ ಇಟ್ಟಾಗ ಅಂಚಿಗೆ ಅಂಚು ಕೂಡಿತು, ಸೊಟ್ಟಿಗೆ ಸೊಟ್ಟು. ಲಾಂಡ್ರಿಯಮ್ಮನನ್ನು ಗುರುತಿಗೆ ಕರೆಸಿದರು. ಅವಳು ಕಚ್ಚನ್ನು ನೋಡಲೂ ಇಲ್ಲ. ಕೆಳಗೆ ಕೂತು ನಾಣ್ಯವನ್ನು ಕಲ್ಲಿನ ನೆಲದ ಮೇಲೆ ತಿರುಗಿಸಿ ಕೈ ತೆಗೆದಳು. ಅದು ತಿರುಗುತ್ತ ತೆಳ್ಳಗೆ, ಉದ್ದಕ್ಕೆ ಹಾಡಿತು. ನಿಲ್ಲುವವರೆಗೆ ಪಂಚರೂ ಉಸಿರು ಬಿಗಿಹಿಡಿದಿದ್ದರು.

"ಇದು ನಂದು. ಮಿಕ್ಕ ಆರು?"

ಮಾಲೀಕ ಪೆನ್ನು ಜೋಡಿಸಲು ಮೇಜು ಹುಡುಕುವವನಂತೆ ಕೈಯಾಡಿಸಿದ. ಕಡೆಗೆ ಕುಲುಮೆಯ ಕಡೆ ನೋಡಿದ.

"ಒಂದನ್ನ ಮಾತ್ರ ಹೊಸ ಬೆಳ್ಳೀಲಿ ಹೊಯ್ದಿದ್ರೆ ಮಿಕ್ಕ ಆರರ ಪಕ್ಕ ಬಣ್ಣ ಬೇರೆ ಕಾಣ್ತಿತ್ತು. ಅದಕ್ಕೆ ಅವನ್ನೇ ಕರಗಿಸಿ, ಸಾಲದ್ದಕ್ಕೆ ಚೂರು ಬೆಳ್ಳಿ ಬೆರೆಸಿ, ಏಳನ್ನೂ ಹೊಯ್ದೆ. ಅವೆಲ್ಲ ಮಾಮೂಲಿ ವರ್ಷಗಳು ಸಾರ್, ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ಸಿಗ್ತವೆ."

ಲಾಂಡ್ರಿಯಮ್ಮ ನೆಲದಿಂದ ಏಳಲು ಕಾಗದಪ್ಪ ಕೈ ಕೊಟ್ಟ. ಅವಳು ನಾಣ್ಯವನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟು ಮಾಲೀಕನ ಎದುರು ನಿಂತಳು.

"ನಾನು ಬದುಕಿದೀನಲ್ಲಪ್ಪ. ನನಗೆ ನನ್ನ ಗುರುತು ಯಾಕೆ? ಕೇಳಿದ್ರೆ ಇದನ್ನ ಹಾಗೇ ಕೊಟ್ಟುಬಿಡ್ತಿದ್ದೆ."

1.10ಕ್ಕೆ ಮಾಲೀಕನನ್ನು ಬಂಧಿಸಲಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಅವನಿಗೆ ದುಡ್ಡಿನ ತಾಪತ್ರಯ ಇರಲಿಲ್ಲ, ನಾಣ್ಯವನ್ನು ಮಾರುವ ಯೋಚನೆಯೂ ಇರಲಿಲ್ಲ. ಮೂವತ್ತೊಂದು ವರ್ಷ ಕೂಡಿಹಾಕಿದ ಸಾಲಿನಲ್ಲಿ ಒಂದು ವರ್ಷ ಮಾತ್ರ ಸಿಕ್ಕಿರಲಿಲ್ಲ. ಆ ವರ್ಷ ಟಂಕಸಾಲೆಯಿಂದ ಹೊರಬಂದ ನಾಣ್ಯಗಳೇ ಕಡಿಮೆ. ತಟ್ಟೆ ತೆರೆದಾಗಲೆಲ್ಲ ಆ ಖಾಲಿ ಗುಳಿಯೇ ಮೊದಲು ಕಣ್ಣಿಗೆ ಬೀಳುತ್ತಿತ್ತಂತೆ. ಕೊಂಡುಕೊಳ್ಳಬಹುದಿತ್ತಲ್ಲ, ಕೇಳಲಿಲ್ಲವೇಕೆ ಎಂಬ ಪ್ರಶ್ನೆಗೆ ಅವನು, "ಅಂಥೋರ ಹತ್ರ ಹೋಗಿ, ನನ್ನ ಹತ್ರ ಇಲ್ಲದ್ದು ನಿನ್ನ ಹತ್ರ ಇದೆ ಅಂತ ಹೇಗೆ ಕೇಳೋದು," ಎಂದ. ಕಾಗದಪ್ಪ ಅದನ್ನು ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡ.

ನಾಲ್ಕು ತಿಂಗಳ ನಂತರ ನ್ಯಾಯಾಲಯ ಮಾಲನ್ನು ಬಿಡುಗಡೆ ಮಾಡಿತು. ಏಳು ನಕಲಿ ನಾಣ್ಯಗಳಲ್ಲಿ ಆರು ಜನರ ಬೆಳ್ಳಿ ಬೆರೆತಿತ್ತು, ಯಾರದು ಎಲ್ಲಿದೆ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಲಾಂಡ್ರಿಯಮ್ಮ ಅವನ್ನು ಡಬ್ಬಿಯಲ್ಲಿಟ್ಟಳು. ಅಕ್ಕಸಾಲಿ ಮಜೂರಿ ತೆಗೆದುಕೊಳ್ಳದೆ ನಾಲ್ಕನೆಯ ಚೌಕಟ್ಟಿಗೆ ಅವಳ ನಾಣ್ಯ ಕೂರಿಸಿದ, ಮಿಕ್ಕ ಆರಕ್ಕೆ ಆಯಾ ಅಂಕಿಯ ಹಿತ್ತಾಳೆ ಬಿಲ್ಲೆ. ಅವಳು ಅದನ್ನು ಹಾಕಿಕೊಂಡೇ ಹಬೆಯಲ್ಲಿ ನಿಂತು ಕೆಲಸ ಮಾಡುತ್ತಾಳೆ. ಸದ್ದು ಬರುವುದಿಲ್ಲ.

ಅವಳು ಕೊಟ್ಟದ್ದು ಏಳು ನಾಣ್ಯ, ಮೂವತ್ತೆಂಟು ದಿನದ ಕೂಲಿ. ವಾಪಸ್ ಬಂದದ್ದು ಒಂದು ನಾಣ್ಯ, ಅವಳದೇ. ಮಿಕ್ಕ ಆರು ಹೋದವು.